ಹೆಂಡತಿ ನಾನೇ ಎಂದ ಸರದಾರ

ದಾವಣಗೆರೆಯಿಂದ ಹರಿಹರಕ್ಕೆ ಎಷ್ಟು ದೂರ? ಸುಮಾರು 14 ಕಿಲೋಮೀಟರು. ಬಸ್ಸು ಹತ್ತಿ ಕುಳಿತು, ಪಕ್ಕದವರ ಊರು ಯಾವುದು, ಮಕ್ಕಳೆಷ್ಟು, ಮಗಳಿಗೆ ಗಂಡು ಗೊತ್ತಾಯಿತೇ ಎಂದು ವಿಚಾರಿಸಿ ಮುಗಿಸುವಷ್ಟರಲ್ಲಿ ತುಂಗಭದ್ರೆಯ ಗಾಳಿ ಮುಖಕ್ಕೆ ತಗಲುತ್ತದೆ. ಇಷ್ಟು ಚಿಕ್ಕ ದಾರಿಯನ್ನು ನಮ್ಮ ಸೋದರತ್ತೆಯವರು 22 ವರ್ಷಗಳ ಕಾಲ ತುಳಿಯಲಿಲ್ಲ. ಕೊನೆಗೆ ಒಂದು ದಿನ ತುಳಿದರು. ಅದೂ ಪಂಜಾಬದ ಒಬ್ಬ ಸರದಾರನ ಲಾರಿಯಲ್ಲಿ ಕುಳಿತು. ಓದುಗರಿಗೆ ಇದು ವಿಚಿತ್ರವೆನಿಸಬಹುದು. ನಮ್ಮ ಮನೆಯವರಿಗೂ ಅಂದು ಹಾಗೆಯೇ ಎನಿಸಿದ್ದಿತು.

ಅವರನ್ನು ನಾವು ಮಕ್ಕಳೆಲ್ಲ ಅತ್ತೆಮ್ಮ ಎಂದು ಕರೆಯುತ್ತಿದ್ದೆವು. ಹದಿನೈದನೆಯ ವಯಸ್ಸಿನಲ್ಲಿ ಹರಿಹರದ ಮನೆಯೊಂದಕ್ಕೆ ಸೊಸೆಯಾಗಿ ಹೋದವರು. ಹದಿನೇಳರಲ್ಲಿ ಹಿಂದಿರುಗಿ ಬಂದರು. ಗಂಡನಿಗೆ ವಿಷಮಶೀತಜ್ವರ ಬಂದು ಹದಿಮೂರೇ ದಿನಗಳಲ್ಲಿ ಮುಗಿದುಹೋಯಿತಂತೆ. ಅದು 1944ನೆಯ ಇಸವಿ. ನಮ್ಮಲ್ಲಿ ಮರುಮದುವೆಗೆ ಅಡ್ಡಿಯಿರಲಿಲ್ಲ. ಅಜ್ಜನವರು ಎರಡು ಸಲ ಮಾತು ತೆಗೆದರಂತೆ; ಎರಡು ಸಲವೂ ಅತ್ತೆಮ್ಮ ಉತ್ತರ ಹೇಳದೆ ಎದ್ದು ರೊಟ್ಟಿಯ ಹಂಚಿನ ಮುಂದೆ ಹೋಗಿ ಕುಳಿತರಂತೆ. ಆಮೇಲೆ ಯಾರೂ ಕೇಳಲಿಲ್ಲ.

ಮನೆಯ ರೊಟ್ಟಿ, ಹೆರಳು, ಬಾಣಂತನ, ಹಸುವಿನ ಕೆಲಸ ಎಲ್ಲವೂ ಅವರದೇ. ಅವರಿಗೆಂದು ಇದ್ದ ಸಮಯವೆಂದರೆ ಶ್ರಾವಣಮಾಸದ ಸಂಜೆಗಳು ಮಾತ್ರ. ಆಗ ವಿರಕ್ತಮಠಕ್ಕೆ ಪುರಾಣ ಕೇಳಲು ಹೋಗುವರು. ಹರ್ಡೇಕರ ಮಂಜಪ್ಪನವರು ಮೃತ್ಯುಂಜಯ ಸ್ವಾಮಿಗಳೊಡನೆ ಸೇರಿ 1913ರಲ್ಲಿ ಬಸವಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸಲು ಮೊದಲುಮಾಡಿದುದು ಈ ಮಠದಲ್ಲಿಯೇ ಎಂಬುದನ್ನು ದಾವಣಗೆರೆಯವರಿಗೆ ಹೇಳಬೇಕಾಗಿಲ್ಲ. ಅಲ್ಲಿ ಕೇಳಿಬಂದ ಕಥೆಗಳಲ್ಲಿ ಅತ್ತೆಮ್ಮ ನಮಗೆ ತಿರುಗಿ ಹೇಳುತ್ತಿದ್ದುದು ಒಂದನ್ನೇ: ಉಡುತಡಿಯ ಮಹಾದೇವಿ ಅರಮನೆಯನ್ನು ಬಿಟ್ಟು ನಡೆದ ಕಥೆ. ಕಲ್ಯಾಣದ ಅನುಭವ ಮಂಟಪದ ಸಂವಾದವನ್ನು ಎರಡು ಮಾತಿನಲ್ಲಿ ಮುಗಿಸಿ, ಶ್ರೀಶೈಲದ ಕದಳಿಯ ವನಕ್ಕೆ ಬಂದೊಡನೆ ಅವರ ಧ್ವನಿ ತಗ್ಗುತ್ತಿದ್ದಿತು. ತಾವೂ ಒಮ್ಮೆ ಶ್ರೀಶೈಲಕ್ಕೆ ಹೋಗಬೇಕೆಂಬುದು ಅವರ ಹಂಬಲ. ಪ್ರತಿವರ್ಷ ಯುಗಾದಿಗೆ ಮುಂಚೆ ಕಂಬಿ ಹೊತ್ತು ನಡೆದುಹೋಗುವವರನ್ನು ಕಂಡಾಗ ಗಂಟು ಕಟ್ಟುವರು. ಒಂದು ವರ್ಷ ನಮ್ಮ ತಾಯಿಯ ಬಾಣಂತನ, ಮತ್ತೊಂದು ವರ್ಷ ಅಜ್ಜನವರ ಕಾಯಿಲೆ, ಇನ್ನೊಂದು ವರ್ಷ ಹಸು ಈಯುವ ಹೊತ್ತು. ಗಂಟು ಬಿಚ್ಚುವರು.

1966ರ ಮಳೆಗಾಲ. ಹಳೆಯ ಪೂನಾ-ಬೆಂಗಳೂರು ರಸ್ತೆ ಆಗ ಊರ ನಡುವೆಯೇ ಹಾಯ್ದು ಹೋಗುತ್ತಿದ್ದಿತು. ಆ ರಸ್ತೆಗೆ ತಗುಲಿದಂತೆ ನಮ್ಮ ಮನೆ. ಒಂದು ಸಂಜೆ ಹತ್ತಿಯ ಬೇಲುಗಳನ್ನು ತುಂಬಿದ್ದ ಲಾರಿಯೊಂದು ನಮ್ಮ ಮನೆಯ ಎದುರಿಗೇ ಆಕ್ಸಲ್ ಮುರಿದುಕೊಂಡು ನಿಂತಿತು. ಅದನ್ನು ನಡೆಸುತ್ತಿದ್ದವನು ಆರಡಿ ಎತ್ತರದ ಸರದಾರ. ಗಡ್ಡ ಅರ್ಧ ನೆರೆತಿದ್ದಿತು. ಜೊತೆಗೆ ಒಬ್ಬ ಕ್ಲೀನರ್ ಹುಡುಗ. ಹೊಸ ಆಕ್ಸಲ್ ಬೊಂಬಾಯಿಯಿಂದ ಬರಬೇಕು. ಅಲ್ಲಿಯವರೆಗೆ ಲಾರಿಯೇ ಅವರ ಮನೆ. ನಮ್ಮ ತಂದೆಯವರು ಹಿತ್ತಲಿನ ನಲ್ಲಿಯಲ್ಲಿ ನೀರು ಹಿಡಿದುಕೊಳ್ಳಲು ಹೇಳಿದರು. ಅತ್ತೆಮ್ಮ ನನ್ನ ಕೈಯಲ್ಲಿ ರೊಟ್ಟಿ, ಪುಂಡಿಪಲ್ಯ ಕೊಟ್ಟು ಕಳುಹಿಸಿದರು.

ಮರುದಿನ ಗಿರಣಿಯ ಸೀಟಿ ಆಗುವುದಕ್ಕೆ ಬಹಳ ಮೊದಲೇ, ಬೆಳಗಿನ ನಾಲ್ಕು ಗಂಟೆಯ ಹೊತ್ತಿಗೆ, ಹಿತ್ತಲಲ್ಲಿ ಹಾಡು ಕೇಳಿಸಿತು. ಸರದಾರ ತಣ್ಣೀರಿನಲ್ಲಿ ಸ್ನಾನ ಮಾಡಿ ತಲೆಗೆ ಬಟ್ಟೆ ಸುತ್ತಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದನು. ನಮ್ಮವರು ಬ್ರಾಹ್ಮೀಮುಹೂರ್ತ ಎನ್ನುವ ಆ ಹೊತ್ತನ್ನು ಅವರು ಅಮೃತವೇಳೆ ಎನ್ನುತ್ತಾರೆಂದು ನನಗೆ ಆಗ ತಿಳಿಯದು. ಮೊದಲು ಮಂತ್ರದಂತೆ ಏನನ್ನೋ ಬಹಳ ಹೊತ್ತು ಹೇಳಿಕೊಂಡನು, ಆಮೇಲೆ ಹಾಡಿದನು. ದೊಡ್ಡ ಕಂಠವೇನೂ ಅಲ್ಲ. ಆದರೆ ಒಂದೇ ಸಾಲಿಗೆ ಮತ್ತೆ ಮತ್ತೆ ಬರುತ್ತ, ಪ್ರತಿಸಲವೂ ಅಲ್ಲಿ ಸ್ವಲ್ಪ ನಿಂತು, ಯಾರೋ ಬಾಗಿಲು ತೆರೆಯುವರೋ ಎಂದು ಕೇಳಿಸಿಕೊಳ್ಳುವವನಂತೆ ಹಾಡುತ್ತಿದ್ದನು. ಅತ್ತೆಮ್ಮ ಹಾಲಿನ ಚೆಂಬು ಹಿಡಿದುಕೊಂಡು ಅಡಿಗೆಮನೆಯ ಕಿಟಕಿಯ ಬಳಿ ನಿಂತುಬಿಟ್ಟಿದ್ದರು.

ಹಿಂದಿಯ ಮೊದಲನೆಯ ಪರೀಕ್ಷೆಯನ್ನು ಪಾಸು ಮಾಡಿದ್ದ ಹನ್ನೆರಡು ವರ್ಷದ ನಾನೇ ಮನೆಯ ದುಭಾಷಿ.

“ಯಾರನ್ನೋ ಕರೆದ ಹಾಗಿದೆಯಲ್ಲೋ ತಮ್ಮಾ. ಏನು ಹಾಡ್ತಾನೆ, ಕೇಳಿ ಬಾ.”

ಕೇಳಿಬಂದೆ. ಹೆಂಡತಿ ಗಂಡನನ್ನು ಕರೆಯುವ ಹಾಡಂತೆ ಎಂದೆ.

“ಪಾಪ! ಹೆಂಡತಿ ಊರಲ್ಲಿ ಒಬ್ಬಳೇ ಇದ್ದಾಳೇನೋ. ಒಂದು ಕಾಗದವನ್ನಾದರೂ ಬರೀಬಾರದೇ? ಕೇಳು.”

ಮತ್ತೆ ಹೋಗಿ ಕೇಳಿದೆ. ಸರದಾರ ಗಡ್ಡವನ್ನು ಒರಸಿಕೊಳ್ಳುತ್ತಿದ್ದವನು ನಕ್ಕುಬಿಟ್ಟನು. ಎದೆಯ ಮೇಲೆ ಕೈಯಿಟ್ಟುಕೊಂಡು, “ಆ ಹೆಂಡತಿ ನಾನೇ ಎಂದು ಹೇಳು ಮಾತಾಜಿಗೆ” ಎಂದನು.

ಮನೆಯಲ್ಲಿ ಇದನ್ನು ಹೇಳಿದಾಗ ಎದ್ದ ನಗುವನ್ನು ನಾನು ವರ್ಣಿಸಲಾರೆ. ಚಿಕ್ಕಪ್ಪನವರಂತೂ ಆರಡಿಯ ಗಡ್ಡದ ಹೆಂಡತಿಯನ್ನು ನೋಡಿಬರುತ್ತೇನೆಂದು ಎದ್ದೇ ಹೋದರು. ಅತ್ತೆಮ್ಮ ನಗಲಿಲ್ಲ. “ಗಂಡ ಯಾರಂತೆ?” ಎಂದು ಕೇಳಿದರು. ಅದನ್ನು ಕೇಳಲು ನಾನು ಮೂರನೆಯ ಸಲ ಹೋದೆ. ಆತ ಮೇಲಕ್ಕೂ ತೋರಿಸಲಿಲ್ಲ, ದೇವರ ಪಟವನ್ನೂ ತೆಗೆಯಲಿಲ್ಲ. ಸ್ವಲ್ಪ ಯೋಚಿಸಿ, “ಆತನಿಗೆ ರೂಪವಿಲ್ಲ, ಮಗು. ಹುಟ್ಟಲಿಲ್ಲ, ಆದ್ದರಿಂದ ಸಾಯುವವನೂ ಅಲ್ಲ” ಎಂದನು. ಕುಂಕುಮವಿಲ್ಲದೆ ವಿಭೂತಿ ಮಾತ್ರವಿದ್ದ ಅತ್ತೆಮ್ಮನ ಹಣೆಯನ್ನು ಆತ ಕಂಡಿದ್ದನೋ ಇಲ್ಲವೋ, ನಾನರಿಯೆ. ನಾನು ಬಂದು ಹೇಳಿದಾಗ ಅವರು, “ನಮ್ಮ ಅಕ್ಕ ಹೇಳಿದ್ದೂ ಅದನ್ನೇ ಅಲ್ಲವೇ” ಎಂದು ಹೇಳಿ ಹಾಲು ಕಾಯಿಸಲು ಹೋದರು. ಅಂದಿನ ಲೋಟದಲ್ಲಿ ಸಕ್ಕರೆ ಒಂದು ಚಮಚೆ ಹೆಚ್ಚಿಗೆ ಬಿದ್ದಿದ್ದಿತು.

ಆ ಮಾತಿನ ಅರ್ಥ ನನಗೆ ತಿಳಿದುಬಂದುದು ಎಷ್ಟೋ ವರ್ಷಗಳ ಮೇಲೆ, ಓದಿ, ಕೇಳಿ. ಸಿಖ್ಖರೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಕತ್ತಿ, ಸೈನ್ಯ, ಪಟಪಟಿಸುವ ಲಾರಿ. ಅವರ ಗ್ರಂಥಸಾಹೇಬವನ್ನು ತೆರೆದವರಿಗೆ ಕೇಳಿಸುವುದಾದರೋ ಬಹುಮಟ್ಟಿಗೆ ಒಬ್ಬ ಹೆಂಗಸಿನ ಧ್ವನಿ. ಗಂಡ ದೂರವಿದ್ದಾನೆ, ರಾತ್ರಿ ಉದ್ದವಾಗಿದೆ, ಹಾಸಿಗೆ ಬರಿದಾಗಿದೆ, ನೆರೆಯ ಗೆಳತಿಯರು ಸುಮಂಗಲಿಯರಾಗಿ ನಲಿಯುತ್ತಿದ್ದಾರೆ, ತನ್ನಲ್ಲಿ ಯಾವ ಕೊರತೆಯಿದೆಯೋ ಎಂದು ಅವಳು ಕೇಳುತ್ತಾಳೆ. ಹೀಗೆ ಹೇಳಿದವರು ಹೆಂಗಸರಲ್ಲ. ಮಡದಿ ಮಕ್ಕಳಿದ್ದ ಗಂಡಸರು, ಗುರುಗಳು. ಈ ಜಗತ್ತಿನಲ್ಲಿ ಪುರುಷನೆಂಬವನು ಒಬ್ಬನೇ, ಉಳಿದವರೆಲ್ಲ ಅವನ ಹೆಂಡಿರು ಎಂಬ ಭಾವ ಮೂರನೆಯ ಗುರು ಅಮರದಾಸರ ವಾಣಿಯಲ್ಲಿ ಸ್ಪಷ್ಟವಾಗಿ ಬಂದಿದೆ. ಕನ್ನಡಿಗರಿಗೆ ಇದು ಹೊಸದಲ್ಲ. ‘ಶರಣ ಸತಿ, ಲಿಂಗ ಪತಿ’ ಎಂದು ನಾವು ಬಾಲ್ಯದಿಂದಲೂ ಕೇಳಿದ್ದೇವೆ. ಉರಿಲಿಂಗದೇವನೂ ಗಜೇಶ ಮಸಣಯ್ಯನೂ ಗಂಡಸರಾಗಿದ್ದುಕೊಂಡೇ ಹೆಣ್ಣಿನ ಬಾಯಲ್ಲಿ ವಚನಗಳನ್ನು ಆಡಿದರು. ಆ ಗಡ್ಡದ ಸರದಾರನನ್ನು ಕಂಡು ನಗುವ ಹಕ್ಕು ನಮ್ಮ ಚಿಕ್ಕಪ್ಪನವರಿಗೆ ಇರಲಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಗುರು ನಾನಕರು (1469–1539) ಹನ್ನೆರಡು ತಿಂಗಳ ಹಾಡೊಂದನ್ನು ರಚಿಸಿದ್ದಾರೆ. ‘ಬಾರಹಮಾಹ’ ಎಂದು ಅದರ ಹೆಸರು. ಚೈತ್ರದಿಂದ ಫಾಲ್ಗುಣದವರೆಗೆ ಒಂದೊಂದು ತಿಂಗಳೂ ಬರುತ್ತದೆ, ಹೋಗುತ್ತದೆ. ಹೂವು, ಮಳೆ, ಮಿಂಚು, ಚಳಿ ಎಲ್ಲವೂ ಬರುತ್ತವೆ. ಬರಬೇಕಾದವನು ಬರುವುದು ಕೊನೆಯಲ್ಲಿ. ಬಂದಾಗ ಅವಳಿಗೆ ತಿಳಿಯುವುದೇನೆಂದರೆ, ಅವನು ಹೊರಗೆಲ್ಲಿಗೂ ಹೋಗಿರಲಿಲ್ಲ, ಮನೆಯೊಳಗೇ ಇದ್ದನು. ವಿರಹವೆಂಬ ಮಾತನ್ನು ನಮ್ಮ ಧಾರಾವಾಹಿಗಳು ಬಹಳ ಅಗ್ಗ ಮಾಡಿಬಿಟ್ಟಿವೆ. ಕೊನೆಯ ಕಂತಿನಲ್ಲಿ ತಾಳಿ ಕಟ್ಟಿದರೆ ಮುಗಿಯುವ ವ್ಯವಹಾರವದು. ಗುರುಗಳ ‘ಬಿರಹ’ ಹಾಗಲ್ಲ. ಅಗಲಿಕೆಯ ಸಂಕಟ ಯಾರಿಗೆ ತಟ್ಟಿದೆಯೋ ಅವರ ಮೇಲೆ ಕೃಪೆ ಆಗಲೇ ಬಿದ್ದಿದೆಯೆಂದು ಅವರ ಮತ. ಗಂಡನ ನೆನಪೇ ಇಲ್ಲದವಳಿಗೆ ಅಗಲಿಕೆ ಎಲ್ಲಿಯದು? ಆದುದರಿಂದ ಹಂಬಲವನ್ನು ಕಳೆದುಕೊಳ್ಳಲು ಅವರು ದಾರಿ ಹುಡುಕುವುದಿಲ್ಲ. ಅದನ್ನು ಆರದಂತೆ ಕಾಯಲು ಹುಡುಕುತ್ತಾರೆ. ನಾಲ್ಕು ಗಂಟೆಗೆ ಎದ್ದು ತಣ್ಣೀರು ಹೊಯ್ದುಕೊಳ್ಳುವುದು ಅದಕ್ಕಾಗಿಯೇ.

ಇದರಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚಾದುದು ಒಂದು ಕಥೆ. ನಾಲ್ಕನೆಯ ಗುರು ರಾಮದಾಸರು ತಮ್ಮ ಕಿರಿಯ ಮಗ ಅರ್ಜುನದೇವನನ್ನು ಬಂಧುಗಳ ಮದುವೆಗೆಂದು ಲಾಹೋರಿಗೆ ಕಳುಹಿಸಿದರಂತೆ. ಕರೆಯಿಸಿಕೊಳ್ಳುವವರೆಗೆ ಬರಬೇಡ ಎಂದು ಅಪ್ಪಣೆ. ಮದುವೆ ಮುಗಿಯಿತು, ತಿಂಗಳುಗಳು ಕಳೆದುವು, ಕರೆ ಬರಲಿಲ್ಲ. ತಂದೆಯೂ ಅವರೇ, ಗುರುವೂ ಅವರೇ. ಮಗ ತನ್ನ ಹಂಬಲವನ್ನು ಹಾಡಿನಲ್ಲಿ ಬರೆದು ಕಳುಹಿಸಿದನು. ಹಿರಿಯ ಅಣ್ಣ ಪ್ರಿಥೀಚಂದ ಅದನ್ನು ಬಚ್ಚಿಟ್ಟನು. ಎರಡನೆಯದು ಬಂದಿತು, ಅದನ್ನೂ ಬಚ್ಚಿಟ್ಟನು. ಮೂರನೆಯ ಕಾಗದದ ಮೇಲೆ ಅರ್ಜುನದೇವನು ‘3’ ಎಂದು ಅಂಕೆ ಹಾಕಿದ್ದನು. ಅದು ನೇರವಾಗಿ ತಂದೆಯ ಕೈಸೇರಿತು. ಮೂರು ಎಂದಿದೆ, ಮೊದಲಿನ ಎರಡು ಎಲ್ಲಿ ಎಂದು ಕೇಳಿದಾಗ ಗುಟ್ಟು ಹೊರಬಿದ್ದಿತು. ಕರೆ ಹೋಯಿತು, ಮಗ ಬಂದನು, ಕಾಲಿಗೆ ಬಿದ್ದು ನಾಲ್ಕನೆಯ ನುಡಿಯನ್ನು ಅಲ್ಲಿಯೇ ಹಾಡಿದನು. ಮೊದಲಿನ ಮೂರು ನುಡಿಗಳು ಅಗಲಿಕೆಯವು, ನಾಲ್ಕನೆಯದು ಕೂಡಿದ ಸಂತೋಷದ್ದು. ಆ ನಾಲ್ಕೂ ಇಂದಿಗೂ ಒಂದೇ ಹಾಡಾಗಿ ಗ್ರಂಥದಲ್ಲಿವೆ. ಅರ್ಜುನದೇವರೇ 1604ರಲ್ಲಿ ಆ ಗ್ರಂಥವನ್ನು ಸಂಕಲಿಸಿದವರು. ಪಂಢರಪುರದ ನಾಮದೇವ, ಕಾಶಿಯ ಕಬೀರ ಮತ್ತು ರವಿದಾಸ, ಮುಸಲ್ಮಾನ ಸಂತ ಫರೀದ ಇವರ ಪದಗಳನ್ನೂ ಅದರಲ್ಲಿ ಸೇರಿಸಿದವರು. ಎರಡು ವರ್ಷಗಳ ಮೇಲೆ, 1606ರಲ್ಲಿ, ಅದೇ ಲಾಹೋರಿನಲ್ಲಿ ಮೊಗಲರ ಸೆರೆಯಲ್ಲಿ ಪ್ರಾಣವಿತ್ತರು. ಹಂಬಲದ ಹಾಡನ್ನು ಬರೆದ ಊರಿನಲ್ಲಿಯೇ.

ಇನ್ನು ಅಮರದಾಸರ ಇನ್ನೊಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಆ ಕಾಲದಲ್ಲಿ ಸತ್ತ ಗಂಡನ ಚಿತೆಗೆ ಹೆಂಡತಿ ಬೀಳುವುದು ಪುಣ್ಯವೆನಿಸಿದ್ದಿತು. ಅವರು ಅದನ್ನು ಖಂಡಿಸಿದರು. ಹೆಣದೊಡನೆ ಸುಟ್ಟುಕೊಂಡವಳನ್ನು ಸತಿ ಎನ್ನಲಾಗದು, ಅಗಲಿಕೆಯ ನೋವನ್ನು ಹೊತ್ತು ಶೀಲದಿಂದಲೂ ತೃಪ್ತಿಯಿಂದಲೂ ಬಾಳುವವಳೇ ಸತಿ ಎಂಬ ಅಭಿಪ್ರಾಯ ಅವರ ವಾಣಿಯಲ್ಲಿದೆ. ಹದಿನಾರನೆಯ ಶತಮಾನದಲ್ಲಿ ಆಡಿದ ಮಾತಿದು. ಇದನ್ನು ಓದಿದ ದಿನ ನನಗೆ ಅಡಿಗೆಮನೆಯ ಕಿಟಕಿ ಕಣ್ಣಮುಂದೆ ಬಂದಿತು.

ಸಿಖ್ಖರ ಲಂಗರು ನಮ್ಮ ದಾಸೋಹ, ದುಡಿದು ತಿನ್ನಬೇಕೆಂಬ ಅವರ ನಿಯಮ ನಮ್ಮ ಕಾಯಕ ಎಂದು ಹೋಲಿಸಿ ಮಾತನಾಡುವವರು ಬಹಳ ಮಂದಿ ಇದ್ದಾರೆ. ಹೋಲಿಕೆ ಇದೆ, ಸರಿ. ಆದರೆ ಅತ್ತೆಮ್ಮನಂತಹವರಿಗೆ ಬೇಕಾಗಿದ್ದ ಉತ್ತರ ಅದಲ್ಲ. ಅವರ ಪ್ರಶ್ನೆ ಬೇರೆ. ಅಕ್ಕ ಮಹಾದೇವಿ ಎಲ್ಲವನ್ನೂ ಬಿಟ್ಟು ನಡೆದಳು. ಬಿಡಲಾರದವರ ಗತಿ ಏನು? ಹಾಲು ಉಕ್ಕುವುದನ್ನು ನೋಡಿಕೊಳ್ಳಬೇಕಾದವಳಿಗೆ ಚೆನ್ನಮಲ್ಲಿಕಾರ್ಜುನನು ದೊರೆಯುವನೇ, ದೊರೆಯಲಾರನೇ? ನಾನಕರೂ ಮೊದಲು ಮನೆಬಿಟ್ಟು ಹೊರಟವರೇ. ರಬಾಬು ನುಡಿಸುವ ಮರ್ದಾನನೊಡನೆ ವರ್ಷಗಟ್ಟಲೆ ದೇಶ ತಿರುಗಿದರು. ಆದರೆ ಹಿಂದಿರುಗಿ ಬಂದರು. ರಾವಿ ನದಿಯ ದಂಡೆಯ ಕರ್ತಾರಪುರದಲ್ಲಿ ಹೆಂಡತಿ ಮಕ್ಕಳೊಡನೆ ನಿಂತು ನೇಗಿಲು ಹಿಡಿದು ಬೇಸಾಯ ಮಾಡಿದರು. ಹಿರಿಯ ಮಗ ಶ್ರೀಚಂದ ವಿರಕ್ತನಾದನು; ಅವನಿಗೆ ಗುರುಪೀಠವನ್ನು ಕೊಡದೆ ಸಂಸಾರಿಯಾದ ಲೆಹಣನಿಗೆ ಕೊಟ್ಟು ಅಂಗದ ಎಂದು ಹೆಸರಿಟ್ಟರು. ಗದ್ದೆಯಲ್ಲಿ ಕೆಸರು ತುಳಿಯುತ್ತಿರುವಾಗಲೂ ವಿರಹಿಣಿಯಾಗಿರಬಹುದು ಎಂದು ಇದರ ಅರ್ಥ. ನಾನು ಅಕ್ಕನನ್ನು ಕಡಮೆಮಾಡಿ ಹೇಳುತ್ತಿಲ್ಲ. ಅವಳ ಎತ್ತರ ಅವಳದೇ. ಆದರೆ ದಾವಣಗೆರೆಯ ಅಡಿಗೆಮನೆಗಳಲ್ಲಿ ಅವಳ ಕಥೆಯನ್ನು ಹೇಳಿ ಕಣ್ಣೊರಸಿಕೊಳ್ಳುವ ಹೆಂಗಸರಿಗೆ ನಾನಕರ ಕಥೆಯನ್ನೂ ಯಾರಾದರೂ ಹೇಳಬೇಕಾಗಿದ್ದಿತು. ನಮ್ಮ ಮನೆಗೆ ಅದನ್ನು ಲಾರಿಯವನು ಬಂದು ಹೇಳಿದನು.

ಐದನೆಯ ದಿನ ಆಕ್ಸಲ್ ಬಂದಿತು. ಮರುದಿನ ಬೆಳಗ್ಗೆ ಹೊರಡುವಾಗ ಸರದಾರ ಮನೆಯ ಮುಂದೆ ಬಂದು ಕೈಮುಗಿದು ನಿಂತನು. ರೊಟ್ಟಿಯ ಋಣ ಹೇಗೆ ತೀರಿಸಲಿ ಎಂದು ಕೇಳಿದನು. ತಂದೆಯವರು ಏನೂ ಬೇಡವೆನ್ನುತ್ತಿದ್ದಾಗಲೇ ಒಳಗಿನಿಂದ ಅತ್ತೆಮ್ಮನ ಧ್ವನಿ ಬಂದಿತು.

“ಹರಿಹರಕ್ಕೆ ಬಿಡ್ತಾನಂತೇನು, ಕೇಳು.”

ಎಲ್ಲರೂ ಸುಮ್ಮನಾದರು. ಆ ಊರಿನ ಹೆಸರು ಅವರ ಬಾಯಲ್ಲಿ ಬಂದುದನ್ನು ನಾನಂತೂ ಅಂದಿನವರೆಗೆ ಕೇಳಿರಲಿಲ್ಲ. ಬಸ್ಸಿದೆಯಲ್ಲ, ಲಾರಿಯೇಕೆ ಎಂದು ತಂದೆಯವರು ಅಂದುನೋಡಿದರು. ಅವರ ಅಕ್ಕ ಆಗಲೇ ಸೀರೆ ಬದಲಿಸಿಕೊಂಡು ಬಂದಿದ್ದರು. ಕೊನೆಗೆ ತಂದೆಯವರು, ಅತ್ತೆಮ್ಮ, ನಾನು ಮೂವರೂ ಲಾರಿಯ ಮುಂಭಾಗದಲ್ಲಿ ಒತ್ತಿಕೊಂಡು ಕುಳಿತೆವು. ಕ್ಲೀನರ್ ಹುಡುಗ ಬೇಲುಗಳ ಮೇಲೆ ಹತ್ತಿದನು. ದಾರಿಯುದ್ದಕ್ಕೂ ಅತ್ತೆಮ್ಮ ಮಾತನಾಡಲಿಲ್ಲ.

ಹರಿಹರದಲ್ಲಿ ಅವರು ಗಂಡನ ಮನೆಗೆ ಹೋಗಲಿಲ್ಲ. ನೇರವಾಗಿ ಹರಿಹರೇಶ್ವರನ ಗುಡಿಗೆ ನಡೆದರು. ಇದು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಗುಡಿ. (ಮಹಾದೇವಿಯಕ್ಕನ ರಗಳೆಯನ್ನು ಬರೆದ ಹರಿಹರ ಕವಿಗೂ ಈ ಊರಿಗೂ ಗಂಟುಹಾಕುವವರಿದ್ದಾರೆ, ಕವಿ ಪಂಪಾಕ್ಷೇತ್ರದವನು.) ಸರದಾರನೂ ಚಪ್ಪಲಿ ಬಿಟ್ಟು ನಮ್ಮ ಹಿಂದೆ ಬಂದನು. ಅವರ ಮತದಲ್ಲಿ ಮೂರ್ತಿಪೂಜೆಯಿಲ್ಲ. ಆದುದರಿಂದ ಆತ ಅಡ್ಡಬೀಳಲಿಲ್ಲ, ಆದರೆ ಬಹಳ ಗೌರವದಿಂದ ಕಂಬದ ಪಕ್ಕದಲ್ಲಿ ನಿಂತು ನೋಡಿದನು. ಆಳೆತ್ತರದ ವಿಗ್ರಹ, ಬಲಭಾಗ ಹರ, ಎಡಭಾಗ ಹರಿ. ಅರ್ಧ ಅವನು, ಅರ್ಧ ಇವನು ಎಂದು ನಾನು ನನ್ನ ಹರಕು ಹಿಂದಿಯಲ್ಲಿ ವಿವರಿಸಿದೆ. ಆತ ತಲೆದೂಗಿ, “ಕೂಡಿಕೊಂಡುಬಿಟ್ಟಿದ್ದಾರೆ. ಇನ್ನು ಕಾಯುವವರು ಯಾರು?” ಎಂದನು. ಹೇಳಿದ್ದು ತನಗೋ ನನಗೋ ತಿಳಿಯಲಿಲ್ಲ. ಅತ್ತೆಮ್ಮ ಏನೆಂದನು ಎಂದು ಕೇಳಿದರು, ಹೇಳಿದೆ. “ನಾವಿದ್ದೀವಲ್ಲ” ಎಂದರು.

ಆಮೇಲೆ ಹೊಳೆಗೆ ಇಳಿದರು. ಮಳೆಗಾಲದ ತುಂಗಭದ್ರೆ ಕೆಂಪಾಗಿ ತುಂಬಿ ಹರಿಯುತ್ತಿದ್ದಿತು. ಗಂಡನ ಕೊನೆಯ ಸಂಸ್ಕಾರ ಈ ದಂಡೆಗೆ ಹತ್ತಿರದಲ್ಲಿಯೇ ಆಗಿದ್ದಿತೆಂದು ನನಗೆ ತಂದೆಯವರು ಆಮೇಲೆ ಹೇಳಿದರು. ಅತ್ತೆಮ್ಮ ಮೆಟ್ಟಿಲ ಮೇಲೆ ಕುಳಿತು, ಕಾಲನ್ನು ನೀರಿನಲ್ಲಿಟ್ಟು, ಸುಮಾರು ಒಂದು ಗಂಟೆ ಹಾಗೆಯೇ ಇದ್ದರು. ಅತ್ತರೋ ಇಲ್ಲವೋ ಕಾಣಲಿಲ್ಲ; ನಾವು ಮೇಲಿದ್ದೆವು. ತುಂಬಿದ ಲಾರಿಯನ್ನು ರಸ್ತೆಯಲ್ಲಿ ಬಿಟ್ಟುಬಂದಿದ್ದ ಸರದಾರ ಅವಸರ ಮಾಡಲಿಲ್ಲ. ಅವರು ಎದ್ದು ಬಂದ ಮೇಲೆ, ಶ್ರೀಶೈಲವೆಂಬ ಊರಿನ ವಿಷಯ ಹುಡುಗ ಹೇಳಿದನೆಂದೂ, ಆ ಕಡೆಯ ಬಾಡಿಗೆ ಸಿಕ್ಕಿದಾಗ ಬಂದು ಕರೆದುಕೊಂಡು ಹೋಗುತ್ತೇನೆಂದೂ ಹೇಳಿ ನಮಸ್ಕರಿಸಿ, ಸೇತುವೆಯ ಕಡೆಗೆ ಲಾರಿ ನಡೆಸಿಕೊಂಡು ಹೋದನು. ನಾವು ಬಸ್ಸಿನಲ್ಲಿ ಮರಳಿದೆವು.

ಆತ ಮತ್ತೆ ಬರಲಿಲ್ಲ. ಯುಗಾದಿಯ ಮುಂಚೆ ಗಂಟು ಕಟ್ಟುವುದನ್ನು ಅತ್ತೆಮ್ಮ ನಿಲ್ಲಿಸಿಬಿಟ್ಟರು. ಅದಕ್ಕೆ ಬದಲಾಗಿ ನಾಲ್ಕು ಗಂಟೆಗೆ ಎದ್ದು ತಣ್ಣೀರು ಸ್ನಾನ ಮಾಡಿ ಹಿತ್ತಲ ಕಟ್ಟೆಯ ಮೇಲೆ, ಪತ್ರೆಯ ಗಿಡದ ಪಕ್ಕದಲ್ಲಿ, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂಡುವ ರೂಢಿ ಮಾಡಿಕೊಂಡರು. ಶ್ರೀಶೈಲದ ಮಾತು ಬಂದರೆ, “ಕರೆ ಬಂದಾಗ ಹೋದರಾಯಿತು” ಎನ್ನುವರು. ಅರ್ಜುನದೇವನ ಕಾಗದಗಳ ಕಥೆ ಅವರಿಗೆ ಗೊತ್ತಿರಲಿಲ್ಲ. 1989ರಲ್ಲಿ, ಒಂದು ಬೆಳಗಿನ ಜಾವ, ಆ ಕಟ್ಟೆಯ ಮೇಲೆಯೇ ತೀರಿಕೊಂಡರು. ಶ್ರೀಶೈಲಕ್ಕೆ ಹೋಗಲಿಲ್ಲ.

ಎರಡು ವರ್ಷಗಳ ಮೇಲೆ ನನಗೆ ಕೆಲಸದ ಮೇಲೆ ಬೀದರಿಗೆ ಹೋಗಬೇಕಾಗಿ ಬಂದಿತು. ಬೀದರಿನ ಹೆಸರು ಸಿಖ್ಖರ ಮನೆಮನೆಗೂ ಗೊತ್ತು. ನಾನಕರು ದಕ್ಷಿಣದ ಸಂಚಾರದಲ್ಲಿ ಇಲ್ಲಿಗೆ ಬಂದಾಗ ಕುಡಿಯುವ ನೀರಿಗೆ ಜನ ಪರದಾಡುತ್ತಿದ್ದರೆಂದೂ, ಅವರು ಪಾದುಕೆಯಿಂದ ಕಲ್ಲನ್ನು ಸರಿಸಿದಾಗ ಸಿಹಿನೀರಿನ ಬುಗ್ಗೆ ಚಿಮ್ಮಿತೆಂದೂ ನಂಬಿಕೆ. ಆ ಝರಿಯ ಬಳಿಯಲ್ಲಿಯೇ ‘ನಾನಕ ಝೀರಾ’ ಗುರುದ್ವಾರವಿದೆ. ಗುರು ಗೋವಿಂದಸಿಂಹರು 1699ರ ಬೈಸಾಖಿಯ ದಿನ ಆನಂದಪುರದಲ್ಲಿ ತಲೆ ಕೊಡುವವರು ಯಾರಿದ್ದೀರಿ ಎಂದು ಕತ್ತಿ ಹಿರಿದು ಕೇಳಿದಾಗ ಎದ್ದುನಿಂತ ಐವರಲ್ಲಿ ಒಬ್ಬ ಸಾಹಿಬಸಿಂಹ, ಈ ಬೀದರಿನ ಕ್ಷೌರಿಕ. ಹಡಪದ ಅಪ್ಪಣ್ಣನ ಕಲ್ಯಾಣವೂ ಇದೇ ಜಿಲ್ಲೆಯಲ್ಲಿದೆ. ಮುಕ್ತಸರದ ಯುದ್ಧದಲ್ಲಿ ನಲವತ್ತು ಮಂದಿಯನ್ನು ಮುನ್ನಡೆಸಿದ ಮಾಯಿ ಭಾಗೋ ಎಂಬ ವೀರಮಹಿಳೆ 1708ರಲ್ಲಿ ಗುರುಗಳು ನಾಂದೇಡದಲ್ಲಿ ತೀರಿಕೊಂಡ ಮೇಲೆ ಬೀದರಿನ ಬಳಿಯ ಜನವಾಡಕ್ಕೆ ಬಂದು, ಧ್ಯಾನದಲ್ಲಿ ಉಳಿದ ಆಯುಸ್ಸನ್ನು ಕಳೆದಳಂತೆ. ಗುರು ಹೋದ ಮೇಲೆ ಪಂಜಾಬಕ್ಕೆ ಹಿಂದಿರುಗದೆ ನಮ್ಮ ಕನ್ನಡನಾಡಿನ ಒಂದು ಹಳ್ಳಿಯಲ್ಲಿ ಕುಳಿತ ಆ ಹೆಂಗಸಿನ ಬೆಳಗುಗಳು ಹೇಗಿದ್ದುವೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ನಾನು ಹೋದ ದಿನ ಗುರುದ್ವಾರದಲ್ಲಿ ಒಂದು ಮದುವೆ ನಡೆಯುತ್ತಿದ್ದಿತು. ತಲೆಗೆ ಕರವಸ್ತ್ರ ಕಟ್ಟಿಕೊಂಡು ಹಿಂದೆ ಕುಳಿತೆ. ಅವರಲ್ಲಿ ಅಗ್ನಿಯಿಲ್ಲ, ವಧೂವರರು ಗ್ರಂಥಸಾಹೇಬವನ್ನು ನಾಲ್ಕು ಸಲ ಸುತ್ತುತ್ತಾರೆ. ಸುತ್ತಿಗೊಂದರಂತೆ ಗುರು ರಾಮದಾಸರ ನಾಲ್ಕು ನುಡಿಗಳನ್ನು ಹಾಡುತ್ತಾರೆ. ‘ಲಾವಾಂ’ ಎಂದು ಹೆಸರು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಅದರ ತಾತ್ಪರ್ಯವನ್ನು ಮೆಲ್ಲಗೆ ಹೇಳಿದರು. ಮೊದಲನೆಯ ಸುತ್ತಿನಲ್ಲಿ ಧರ್ಮದ ನಡೆ. ಎರಡನೆಯದರಲ್ಲಿ ಗುರು ದೊರೆತು ಭಯ ಹೋಗುವುದು. ಮೂರನೆಯದರಲ್ಲಿ ಎದೆಯಲ್ಲಿ ಹಂಬಲ ಉಕ್ಕುವುದು. ನಾಲ್ಕನೆಯದರಲ್ಲಿ ಮನಸ್ಸು ಸಹಜದಲ್ಲಿ ನಿಂತು ಹರಿಯನ್ನು ಕೂಡುವುದು. “ಈ ಹುಡುಗ ಹುಡುಗಿಯ ಮಾತು ಎಲ್ಲಿ?” ಎಂದು ಕೇಳಿದೆ. “ಎಲ್ಲಿಯೂ ಇಲ್ಲ. ನಾಲ್ಕೂ ಜೀವ ಮತ್ತು ದೇವರ ಮದುವೆಯವೇ. ಇವರಿಬ್ಬರೂ ಅದಕ್ಕೆ ಜೊತೆಗಾರರು” ಎಂದರು. ಹುಡುಗಿ ಮೂರನೆಯ ಸುತ್ತಿನಲ್ಲಿ ಸೆರಗನ್ನು ಸರಿಪಡಿಸಿಕೊಳ್ಳಲು ಒಂದು ಕ್ಷಣ ನಿಂತಳು. ಅವಳಿಗೆ ಹದಿನೆಂಟೋ ಹತ್ತೊಂಬತ್ತೋ ಇರಬೇಕು.

ಲಂಗರಿನಲ್ಲಿ ಊಟ ಮಾಡಿ, ಝರಿಯ ನೀರನ್ನು ಒಂದು ಸೀಸೆಯಲ್ಲಿ ತುಂಬಿಸಿಕೊಂಡೆ. ಹಿತ್ತಲಿನ ಪತ್ರೆಯ ಗಿಡಕ್ಕೆ ಹಾಕಬೇಕೆಂದು ಮನಸ್ಸಿನಲ್ಲಿದ್ದಿತು. ರಾತ್ರಿಯ ಬಸ್ಸು. ನಡುರಾತ್ರಿಯಲ್ಲಿ ಮುಂದಿನ ಸೀಟಿನ ತಾಯಿಯೊಬ್ಬಳು ಅಳುವ ಮಗುವನ್ನು ತಟ್ಟುತ್ತ, ನೀರಿದೆಯೇ ಅಣ್ಣಾ ಎಂದು ಕೇಳಿದಳು. ಸೀಸೆಯನ್ನು ಕೊಟ್ಟೆ. ಮಗು ಕುಡಿದು ಮಲಗಿತು, ತಾಯಿಯೂ ಕುಡಿದಳು, ಆಚೆಯ ಸೀಟಿನ ಅಜ್ಜನಿಗೂ ಕೈ ಬದಲಾಯಿತು. ದಾವಣಗೆರೆ ತಲುಪಿದಾಗ ಬೆಳಗಾಗುತ್ತಿದ್ದಿತು. ಸೀಸೆಯಲ್ಲಿ ಎರಡು ಬೊಗಸೆಯಷ್ಟು ನೀರು ಉಳಿದಿದ್ದಿತು. ಮನೆಗೆ ಹೋಗಿ, ಕಟ್ಟೆಯ ಪಕ್ಕದ ಗಿಡದ ಬುಡಕ್ಕೆ ಅದನ್ನು ಹಾಕಿ, ಒಳಗೆ ಹೋಗಿ ಮಲಗಿದೆ.